ಇಬ್ಬರು ಹುಡುಗಿಯರಿಗೆ ಒಂದು ಊರು

ಎರಡೂ ಅರ್ಜಿ ತುಂಬಿದ್ದು ನಾನೇ. ನನ್ನ ಮಗಳು ಶ್ವೇತಳದ್ದು ಮೊದಲು, ಮೈದುನನ ಮಗಳು ಬಿಂದುಶ್ರೀಯದ್ದು ಆಮೇಲೆ. ಸಿಇಟಿ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತು ವರ್ಷವೂ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿದ್ದೀರಾ? ಬಿಂದುವಿನ ಅರ್ಜಿಯಲ್ಲಿ ಹೌದು ಎಂದು ಬರೆದೆ. ಶ್ವೇತಳ ಅರ್ಜಿಯಲ್ಲಿ ಇಲ್ಲ ಎಂದು ಬರೆದೆ. ಅದು 2001ರ ಆರಂಭ. ಮೈಸೂರಿನ ನಮ್ಮ ಬಾಡಿಗೆ ರೂಮಿನಲ್ಲಿ ಹುಡುಗಿಯರಿಬ್ಬರೂ ಓದುತ್ತಾ ಕುಳಿತಿದ್ದರು. ಸ್ಟೌವ್ ಮೇಲೆ ಹುರುಳಿಕಾಳು ಬೇಯುತ್ತಿತ್ತು. ನಾನು ಎರಡು ಕವರಿಗೂ ಅಂಟು ಹಚ್ಚಿ ಅಡುಗೆಗೆ ಎದ್ದೆ.

ಶ್ವೇತಳನ್ನು ಗಂಡನ ಮನೆಯಿದ್ದ ಮೂಗೂರಿನಿಂದ ಮೈಸೂರಿಗೆ ಕರೆದುಕೊಂಡು ಹೋದದ್ದು ಐದು ವರ್ಷದ ಹಿಂದೆ, ಅವಳ ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ. ಅದರ ಹಿಂದಿನ ವರ್ಷ ನನ್ನ ಗಂಡ ನಂಜೇಶ್ ತೀರಿಕೊಂಡಿದ್ದರು. ಮಗಳನ್ನು ಯಾವ ಊರಿನಲ್ಲಿ ಓದಿಸಬೇಕು ಎಂದು ಮನೆಯಲ್ಲಿ ಒಂದು ತಿಂಗಳು ಮಾತು ನಡೆಯಿತು.

"ಸುತ್ತೂರಿಗೆ ಆಕವ್ವ," ಎಂದರು ನಮ್ಮ ಅತ್ತೆ ಸಿದ್ದಲಿಂಗಮ್ಮ. "ಮಠದ ಇಸ್ಕೂಲು. ಊಟ, ಪಾಠ ಎಲ್ಲಾ ಅಲ್ಲೇ. ಬಿಂದೂನೂ ಅಲ್ಗೇ ಆಕ್ತೀವಿ. ಎರಡೂ ಜೊತೇಲಿ ಇರ್ತವೆ."

"ಒಂದು ಹಳ್ಳಿ ಬಿಡಿಸಿ ಇನ್ನೊಂದು ಹಳ್ಳಿಗೆ ಹಾಕೋಕೆ ನಾನು ಎಂ.ಎ. ಓದ್ಬೇಕಿತ್ತಾ ಅತ್ತೆ?"

"ನೀ ಓದಿದ್ದು ಕಾಣ್ತಾ ಅದಲ್ಲ ಬುಡು. ಓದ್ದೋಳು ಅಂತ ತಾಳಿ ಗಟ್ಟಿಯಾಗಿತ್ತಾ?"

ನಂಜನಗೂಡಿನಲ್ಲಿ ನನ್ನ ತವರಿತ್ತು. ಅಲ್ಲಿ ಕೇಳಿದೆ. ಅಣ್ಣ ನಂಜುಂಡಸ್ವಾಮಿ ಬಾಗಿಲಲ್ಲೇ ನಿಂತು, "ಹಬ್ಬಕ್ಕೆ ಬಾ ತಾಯಿ, ಇರೋದಕ್ಕೆ ಬರಬೇಡ" ಎಂದ. ಆಮೇಲೆ ನಾನು ಮೈಸೂರಿಗೆ ಹೋಗಿ ನಾಲ್ಕು ಶಾಲೆ ನೋಡಿದೆ. ಒಂದರಲ್ಲಿ ಲ್ಯಾಬ್ ಇತ್ತು, ಗ್ರಂಥಾಲಯ ಇತ್ತು, ಮಕ್ಕಳು ಸಾಲಾಗಿ ನಿಂತು ಇಂಗ್ಲಿಷಿನಲ್ಲಿ ಪ್ರಾರ್ಥನೆ ಹೇಳುತ್ತಿದ್ದರು. ಅಲ್ಲಿಗೆ ಸೇರಿಸಿದೆ. ನನಗೂ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಮಾಡುವ ಕೆಲಸ ಸಿಕ್ಕಿತು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಮೂಗೂರಿಗೆ ಬಂದು, ಭಾನುವಾರ ಮನೆಯ ಬಟ್ಟೆಯನ್ನೆಲ್ಲ ಒಗೆದು, ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್ಸು.

ಬಿಂದು ಸುತ್ತೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಪಿಯುಸಿಗೆ ನಮ್ಮ ರೂಮಿಗೇ ಬಂದಳು. ಆಗಿನಿಂದ ಬಾಡಿಗೆ ಮೈದುನ ಶಿವಮಲ್ಲಪ್ಪ ಕೊಟ್ಟ. ಊರಲ್ಲಿ ಅವನು ಭತ್ತದ ವ್ಯಾಪಾರ ಮಾಡುತ್ತಿದ್ದ. ಅಕ್ಕಿಯೂ ಅವನ ಕಡೆಯಿಂದ ಬಂತು. ಎರಡು ವರ್ಷ ನಾನು ಇಬ್ಬರಿಗೂ ಬೇಯಿಸಿ ಹಾಕಿದೆ, ಇಬ್ಬರಿಗೂ ಜಡೆ ಹಾಕಿದೆ, ಇಬ್ಬರಿಗೂ ಇಂಗ್ಲಿಷ್ ಹೇಳಿಕೊಟ್ಟೆ. ಶ್ವೇತಳ ತಟ್ಟೆಗೆ ಮೊದಲು ಬಡಿಸುತ್ತಿದ್ದೆ. ಬಿಂದು ಏನೂ ಅನ್ನುತ್ತಿರಲಿಲ್ಲ.

ಫಲಿತಾಂಶ ಬಂದ ದಿನ ನಾವೆಲ್ಲ ಮೂಗೂರಿನಲ್ಲಿದ್ದೆವು. ಶಿವಮಲ್ಲಪ್ಪ ನರಸೀಪುರಕ್ಕೆ ಹೋಗಿ ರ‍್ಯಾಂಕು ಬರೆಸಿಕೊಂಡು ಬಂದ. ಶ್ವೇತಳದ್ದು ಎರಡು ಸಾವಿರದ ಮೇಲೆ ಸ್ವಲ್ಪ. ಬಿಂದುವಿನದು ಮೂರು ಸಾವಿರಕ್ಕೆ ಹತ್ತಿರ.

"ನಮ್ ಶ್ವೇತ ಮುಂದವ್ಳೆ," ಎಂದ. ಮುಖ ಸಪ್ಪಗಿತ್ತು.

ಅವನ ಹೆಂಡತಿ ಗುರುಸಿದ್ದಮ್ಮ ಒಲೆ ಮುಂದಿನಿಂದ ಏಳಲಿಲ್ಲ. "ಮುಂದಿರ್ದೆ ಏನು? ಅವ್ರವ್ವ ಇರೋದೇ ಅದ್ಕೆ," ಎಂದಳು.

ಒಂದು ವಾರ ನಾನು ಆ ಮನೆಯಲ್ಲಿ ತಲೆಯೆತ್ತಿ ಓಡಾಡಿದೆ. ಆಮೇಲೆ ಶಿವಮಲ್ಲಪ್ಪ ತನ್ನ ಪರಿಚಯದ ಲೆಕ್ಚರರ್ ಒಬ್ಬರನ್ನು ಕೇಳಿ ಬಂದ. ಚಪ್ಪಲಿ ಬಿಡುವುದಕ್ಕೂ ಮೊದಲೇ ಕೂಗಿದ.

"ಅವ್ವಾ! ಬಿಂದುಗೆ ಮೆಡಿಕಲ್ ಗ್ಯಾರಂಟಿ ಅಂತೆ ಕಣವ್ವ! ಅಳ್ಳೀಲಿ ಹತ್ತು ವರ್ಸ ಓದೋರ್ಗೆ ಬ್ಯಾರೆ ಸೀಟು ಮಡ್ಗಿರ್ತಾರಂತೆ. ಗ್ರಾಮೀಣ ಕೋಟಾ ಅಂತೆ."

"ಶ್ವೇತಾಗೆ?" ಎಂದರು ಅತ್ತೆ.

ಅವನು ನನ್ನ ಕಡೆ ನೋಡಿದ. "ಶ್ವೇತ ಏಳರಗಂಟ ತಾನೆ ಇಲ್ಲಿ ಓದಿದ್ದು? ಆಮ್ಯಾಕೆ ಮಯ್ಸೂರು. ಅವಳ್ಗೆ ಇಲ್ವಂತೆ. ಅವಳ ನಂಬರಿಗೆ ಮೆಡಿಕಲ್ ಮುಗ್ದೋಯ್ತದಂತೆ."

ನಾನು ರಾಗಿ ಕೇರುತ್ತಿದ್ದೆ. ಮೊರ ಕೆಳಗಿಡಲಿಲ್ಲ.

"ನಾನು ಬಡ್ಕಂಡೆ," ಎಂದರು ಅತ್ತೆ. "ಸುತ್ತೂರಿಗೆ ಆಕು ಸುತ್ತೂರಿಗೆ ಆಕು ಅಂತ. ನಂಗೆ ಅಕ್ಸರ ಬರಾಕಿಲ್ಲ. ಇವ್ಳಿಗೆ ಬತ್ತದೆ. ಮಗಿನ ಸೀಟ್ನ ಕಯ್ಯಾರ ಕಿತ್ತಾಕ್ಬುಟ್ಟು ಕೂತವ್ಳೆ ನೋಡು, ಮೊರ ಇಟ್ಕಂಡು."

ಗುರುಸಿದ್ದಮ್ಮ ಅವತ್ತು ಶ್ಯಾವಿಗೆ ಪಾಯಸ ಮಾಡಿದಳು. ಶ್ವೇತಳಿಗೆ ಎರಡು ಸೌಟು ಹಾಕಿದಳು.

"ಉಣ್ಣವ್ವ. ನಿಮ್ಮವ್ವ ಓದಿರೋಳು, ನಾವು ಪಾಯಸ ಮಾಡಾಕ್ ಕಲ್ತೋರು."

ಶ್ವೇತ ಎರಡು ಸೌಟನ್ನೂ ಉಂಡಳು. ಬಿಂದು ಅವಳ ಪಕ್ಕದಲ್ಲೇ ಕುಳಿತಿದ್ದಳು, ತನ್ನ ಲೋಟ ಮುಟ್ಟಲಿಲ್ಲ.

ಜುಲೈ ಮೊದಲ ವಾರ ಶ್ವೇತಳ ಸರದಿ ಬಂತು. ನಾವಿಬ್ಬರೇ ಬೆಂಗಳೂರಿಗೆ ಹೋದೆವು. ಅಲ್ಲಿ ಸೀಟು ಹಂಚುವುದು ಕಂಪ್ಯೂಟರ್ ಮುಂದೆ ಕೂರಿಸಿಕೊಂಡು. ನಂಬರ್ ಕರೆಯುತ್ತಾರೆ, ಉಳಿದಿರುವ ಸೀಟನ್ನು ಪರದೆಯ ಮೇಲೆ ತೋರಿಸುತ್ತಾರೆ, ಅಲ್ಲೇ ಹೇಳಬೇಕು. ಯೋಚಿಸಿ ನಾಳೆ ಹೇಳುತ್ತೇವೆ ಎನ್ನುವ ಹಾಗಿಲ್ಲ. ಶ್ವೇತಳ ನಂಬರ್ ಬರುವ ಹೊತ್ತಿಗೆ ಅವಳ ಪಾಲಿನ ಮೆಡಿಕಲ್ ಪೂರ್ತಿ ಮುಗಿದಿತ್ತು. ದಾವಣಗೆರೆಯಲ್ಲಿ ಡೆಂಟಲ್ ಇತ್ತು.

"ಅಮ್ಮ, ತಗೊಳ್ಳೋಣ," ಎಂದಳು ಶ್ವೇತ.

"ಐದು ವರ್ಷ ನಿಂಗೆ ಬೇಯಿಸಿ ಹಾಕಿದ್ದು ಹಲ್ಲು ಕೀಳೋಕಲ್ಲ."

"ನಂಗೆ ಪರವಾಗಿಲ್ಲಮ್ಮ. ಅದೂ ಡಾಕ್ಟರೇ."

"ನಿನ್ನ ಯಾರು ಕೇಳಿದ್ರು?"

ಕಂಪ್ಯೂಟರ್ ಮುಂದಿದ್ದವನು ಬೇಗ ಹೇಳಿ ಎಂದ. ಬೇಡ ಎಂದೆ. ಮಾರ್ಕ್ಸ್ ಕಾರ್ಡ್ ವಾಪಸ್ಸು ಕೊಟ್ಟರು. ಮೈಸೂರು ಬಸ್ಸು ಹತ್ತಿದೆವು. ಮದ್ದೂರಿನಲ್ಲಿ ವಡೆ ಕೊಡಿಸಿದೆ. ಮುಂದಿನ ವರ್ಷ ಮತ್ತೆ ಬರೆಯಬಹುದು, ಕೋಚಿಂಗ್ ಸೇರಿಸುತ್ತೇನೆ, ಒಂದು ವರ್ಷ ಎಷ್ಟರದ್ದು ಎಂದೆ. ಅವಳು ವಡೆಯ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಟಕಿಯಿಂದ ಹೊರಗೆ ಹಾಕಿದಳು.

ಊರಿಗೆ ಬಂದು ಹೇಳಿದಾಗ ಗುರುಸಿದ್ದಮ್ಮ ನಕ್ಕಳು.

"ಬಂದಿದ್ನೂ ಬುಟ್ಬುಟ್ಟು ಬಂದ್ರಾ ಅಕ್ಕ? ಅಲ್ಲಾ, ನಮ್ ಬಾಯ್ನಾಗೂ ಹಲ್ಲವೆ. ಅಷ್ಟು ಅಸಯ್ಯಾನಾ?"

ಬಿಂದುವಿನ ಸರದಿಗೆ ಇನ್ನೂ ಹತ್ತು ದಿನ ಇತ್ತು. ನಾನು ಶಾಲೆಗೆ ರಜೆ ಹಾಕಿದ್ದೆ. ಆ ಹತ್ತು ದಿನವೂ ಊಟಕ್ಕೆ ಕುಳಿತಾಗಲೆಲ್ಲ ಊರುಗಳ ಮಾತೇ. ಹುಬ್ಬಳ್ಳಿ ದೂರ. ಬೆಂಗಳೂರು ಕೆಟ್ಟ ಊರು. ಬಳ್ಳಾರಿ ಎಲ್ಲಿದೆ? ಶಿವಮಲ್ಲಪ್ಪ ಗೋಡೆಯ ಮೇಲೆ ಒಂದು ನಕಾಶೆ ಅಂಟಿಸಿದ. ಅತ್ತೆ ಅದರ ಮುಂದೆ ನಿಂತು ನಮ್ಮೂರು ಎಲ್ಲಿ ಎಂದು ಕೇಳಿದರು. ಬಿಂದು ಬೆರಳಿಟ್ಟು ತೋರಿಸಿದಳು.

"ಇಷ್ಟೇಯಾ?" ಎಂದರು ಅತ್ತೆ.

ಮೂರನೆಯ ದಿನ ರೊಟ್ಟಿ ಮುರಿಯುತ್ತಾ ಶಿವಮಲ್ಲಪ್ಪ ಹೇಳಿದ. "ಅತ್ಗೆ, ಒಂದು ಮಾತು. ಮೆಡಿಕಲ್ ಯಾವೂರಲ್ಲಾರ ಸಿಗ್ಲಿ, ಓಗೋದೇ. ಆದ್ರೆ ಆಸ್ಟಲ್ ಊಟ ಬ್ಯಾಡ. ಮಾಂಸ ಮಡ್ಡಿ ಎಲ್ಲಾ ಒಂದೇ ಸೌಟು. ರೂಮ್ ಮಾಡ್ತೀನಿ. ನೀವು ಜೊತೇಲಿರಿ. ನಿಮ್ಗೆ ಅಭ್ಯಾಸ ಅದೆ."

"ನಾನಾ? ಎಷ್ಟು ವರ್ಷ?"

"ಐದೂವರೆ ಅಂತಾರೆ."

"ಶ್ವೇತ?"

"ಶ್ವೇತ ಇಲ್ಲೇ ಇರ್ಲಿ," ಎಂದರು ಅತ್ತೆ. "ನನ್ ಮಂಡಿ ನೀವೋರು ಬ್ಯಾಡ್ವಾ? ನರಸೀಪುರದಲ್ಲಿ ಕಾಲೇಜದೆ, ಬಸ್ಸದೆ. ಸೋಸಲೆ ಚಲುವಮ್ಮ ಮಗನ್ಗೆ ಎಣ್ಣು ನೋಡ್ತಾವ್ಳೆ. ಗೊಬ್ಬರದಂಗಡಿ ಅದೆ ಅವ್ನಿಗೆ."

"ಅವಳಿಗಿನ್ನೂ ಹದಿನೆಂಟು."

"ನಂಗೆ ಅಷ್ಟೊತ್ಗೆ ಎರಡಾಗಿದ್ವು."

"ಮುಂದಿನ ವರ್ಷ ಮತ್ತೆ ಪರೀಕ್ಷೆ ಬರೀತಾಳೆ ಅತ್ತೆ. ಮೈಸೂರಲ್ಲಿ ಕೋಚಿಂಗ್ ಸೇರ್ಸಬೇಕು."

"ಯಾರ್ ಜೊತೇಲಿರ್ತಾಳೆ ಅಲ್ಲಿ? ಒಬ್ಳೇಯಾ? ನೀನು ಬಿಂದು ಜೊತೆ ಓದ ಮ್ಯಾಕೆ?"

"ನಾನು ಹೋಗೋದಿಲ್ಲ ಅಂದ್ರೆ?"

ಗುರುಸಿದ್ದಮ್ಮ ಪಲ್ಯದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. "ಎರಡ್ ವರ್ಸ ನಮ್ ಅಕ್ಕಿ ಬೇಯ್ಸಿಲ್ವಾ ಅಕ್ಕ ನೀವು? ನಮ್ ಮಗು ಹೆಸ್ರಲ್ಲಿ ನಿಮ್ ಮಗು ಉಂಡಿಲ್ವಾ? ಈಗ ಸೊಲ್ಪ ತಿರುಗ್ಸಿ ಅಂದ್ರೆ ಗಂಟ್ಲು ಕಟ್ತದಾ?"

"ಸುಮ್ಕಿರಮ್ಮಿ," ಎಂದ ಶಿವಮಲ್ಲಪ್ಪ. ನನ್ನ ಕಡೆ ತಿರುಗಿ, "ನೋಡಿ ಅತ್ಗೆ, ನಾನು ಕೆಟ್ಟೋನಲ್ಲ. ಮಯ್ಸೂರೇ ಸಿಕ್ತು ಅನ್ನಿ, ಬ್ಯಾರೆ ಮಾತು. ಅದೇ ರೂಮು. ಶ್ವೇತಾನೂ ಇರ್ಲಿ, ಕೋಚಿಂಗ್‌ಗೂ ನಾನೇ ಕಟ್ತೀನಿ. ಬ್ಯಾರೆ ಊರಾದ್ರೆ ಎರಡು ಕಡೆ ಮನೆ ಮಾಡಾಕೆ ನಂಗಾಗಕಿಲ್ಲ."

ಮೈಸೂರಿನ ಮೆಡಿಕಲ್ ಬಿಂದುವಿನ ನಂಬರಿಗೆ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ನನ್ನ ಸಂಬಳದಲ್ಲಿ ಬಾಡಿಗೆ, ಕೋಚಿಂಗ್ ಎರಡೂ ಆಗುತ್ತಿರಲಿಲ್ಲ. ರೊಟ್ಟಿ ಆರಿತ್ತು. ಎಲ್ಲರೂ ತಿಂದರು.

ಆ ವಾರ ಶ್ವೇತ ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸಿದಳು, ಅಜ್ಜಿಯ ಮಂಡಿಗೆ ಎಣ್ಣೆ ನೀವಿದಳು, ಬಾವಿಯಿಂದ ನೀರು ತಂದಳು. ಯಾರೂ ಹೇಳದೆ ಮಾಡಿದಳು. ನಾನು ಹಿತ್ತಿಲಿನಲ್ಲಿ ಅವಳನ್ನು ಹಿಡಿದು ನಿಲ್ಲಿಸಿದೆ.

"ನಿನ್ನ ಪುಸ್ತಕ ಎಲ್ಲಿ?"

"ಬೀರುವಿನ ಮೇಲೆ ಇಟ್ಟಿದೀನಿ."

"ಇಳಿಸ್ಕೋ. ನೀನು ಮೈಸೂರಿಗೆ ಬರ್ತೀಯ."

"ಹೇಗೆ?"

"ಹೇಗೆ ಅಂತ ಕೇಳ್ಬೇಡ."

ಜುಲೈ ಹದಿನೇಳಕ್ಕೆ ಬಿಂದುವಿನ ಸರದಿ. ಶಿವಮಲ್ಲಪ್ಪ ಬಿಳಿ ಅಂಗಿ ಹಾಕಿ, ಹಣೆಗೆ ವಿಭೂತಿ ಹಚ್ಚಿ ಹೊರಟ. ಬೆಂಗಳೂರಿನಲ್ಲಿ ಗೇಟಿನ ಹತ್ತಿರ ಕಾವಲುಗಾರ ತಡೆದ. ಹುಡುಗಿಯ ಜೊತೆ ಒಬ್ಬರು ಮಾತ್ರ ಒಳಗೆ.

"ನೀವೇ ಓಗಿ ಅತ್ಗೆ," ಎಂದ ಶಿವಮಲ್ಲಪ್ಪ. "ಇಂಗ್ಲೀಸು ನಂಗೆ ಗೊತ್ತಾಗಕಿಲ್ಲ. ನಾನ್ ಓಗಿ ಏನಾರ ಒಂದಕ್ಕೆ ಒಂದು ಒತ್ಬುಟ್ರೆ?" ಮಗಳ ತಲೆ ಸವರಿದ. "ದೊಡ್ಡಮ್ಮ ಏಳ್ದಂಗೆ ಕೇಳವ್ವ."

ಒಳಗೆ ಮೂರು ಗಂಟೆ ಕುಳಿತೆವು. ಬಿಂದು ಬಿಸ್ಕೆಟ್ ಪೊಟ್ಟಣ ಬಿಚ್ಚಿ ಮೊದಲು ನನಗೆ ಕೊಟ್ಟಳು. ಎದುರಿನ ದೊಡ್ಡ ಪರದೆಯ ಮೇಲೆ ಸೀಟುಗಳ ಸಂಖ್ಯೆ ಇಳಿಯುತ್ತಿತ್ತು. ಅವಳ ನಂಬರ್ ಕೂಗಿದರು.

ಕಂಪ್ಯೂಟರ್ ಮುಂದೆ ಒಬ್ಬ ಹೆಂಗಸು ಇದ್ದಳು. ಪರದೆಯನ್ನು ನಮ್ಮ ಕಡೆಗೆ ಸ್ವಲ್ಪ ತಿರುಗಿಸಿದಳು.

"ಗ್ರಾಮೀಣ ಕೋಟಾ. ಬಳ್ಳಾರಿ ಮೆಡಿಕಲ್ ಎರಡಿದೆ. ಮೈಸೂರು ಡೆಂಟಲ್ ಒಂದಿದೆ. ಉಳಿದಿದ್ದು ಆಯುರ್ವೇದ. ಹೇಳಿ."

ಬಿಂದು ನನ್ನ ಮುಖ ನೋಡಿದಳು.

"ಮೈಸೂರು ಡೆಂಟಲ್," ಎಂದೆ.

ಆ ಹೆಂಗಸು ಕೈ ನಿಲ್ಲಿಸಿದಳು. "ಮೆಡಿಕಲ್ ಇದೆ ಮೇಡಂ."

"ಗೊತ್ತು. ಮೈಸೂರು."

"ನೀವಲ್ಲ, ಕ್ಯಾಂಡಿಡೇಟ್ ಹೇಳ್ಬೇಕು. ಏನಮ್ಮ?"

"ದೊಡ್ಡಮ್ಮ," ಎಂದಳು ಬಿಂದು. ದನಿ ಸಣ್ಣದಾಗಿತ್ತು. "ಅಪ್ಪಾಜಿ ಮೆಡಿಕಲ್ ಅಂತ..."

ಮೇಜಿನ ಕೆಳಗೆ ಅವಳ ಮಣಿಕಟ್ಟು ಹಿಡಿದೆ. ಗಟ್ಟಿಯಾಗಿಯೇ ಹಿಡಿದೆ. ಬಳೆ ಒಂದು ಒಡೆಯಿತು.

"ದೊಡ್ಡಮ್ಮ ಹೇಳಿದ್ದೇ," ಎಂದಳು.

ಪ್ರಿಂಟರ್ ಓಡಿತು. ಅವಳ ಕೈಯಲ್ಲಿ ಸಹಿ ಹಾಕಿಸಿದರು. ಪಕ್ಕದಲ್ಲಿ ನಾನೂ ಹಾಕಿದೆ.

ಹೊರಗೆ ಶಿವಮಲ್ಲಪ್ಪ ಕಾಂಪೌಂಡ್ ನೆರಳಿನಲ್ಲಿ ನಿಂತಿದ್ದ. ನಮ್ಮನ್ನು ನೋಡಿ ರಸ್ತೆ ದಾಟಿ ಓಡಿ ಬಂದ.

"ಯಾವೂರು?"

"ಮೈಸೂರು," ಎಂದೆ.

ಅವನ ಬಾಯಿ ಅಗಲವಾಯಿತು. "ಮಯ್ಸೂರು ಮೆಡಿಕಲ್ಲಾ?"

"ಡೆಂಟಲ್. ಮೆಡಿಕಲ್ ಎರಡು ನಂಬರ್ ಮುಂಚೆ ಮುಗಿದುಹೋಯ್ತು."

ಅವನು ಫುಟ್‌ಪಾತ್ ಮೇಲೆ ಕುಳಿತುಕೊಂಡ. ಬಿಳಿ ಪಂಚೆ ಎಂದು ನೋಡಲಿಲ್ಲ. ಬಿಂದು ಚೂಡಿದಾರದ ತೋಳನ್ನು ಬೆರಳವರೆಗೂ ಎಳೆದುಕೊಂಡು ನಿಂತಿದ್ದಳು.

"ಎರಡು ನಂಬ್ರು," ಎಂದ. ಮೂಗು ಒರೆಸಿಕೊಂಡ. "ನೀವು ನಿಮ್ ಮಗಳ್ಗೆ ಬ್ಯಾಡ ಅಂತ ಬುಟ್ಟು ಬಂದಿದ್ದು ನನ್ ಮಗಳ್ಗೆ ಗಂಟು ಬಿತ್ತಲ್ಲ ಅತ್ಗೆ. ಇರ್ಲಿ. ಅದೂ ಡಾಕ್ಟ್ರೇ ಅಲ್ವಾ? ನೀವಿದ್ದೀರಲ್ಲ ಜೊತ್ಗೆ. ಅದೊಂದು ಧೈರ್ಯ."

ಮೂರು ಜನಕ್ಕೂ ಕಾಫಿ ಕೊಡಿಸಿದ. ನನಗೆ ಎರಡನೇ ಲೋಟ ಬೇಕಾ ಎಂದು ಕೇಳಿದ.

ಮೂಗೂರಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಗುರುಸಿದ್ದಮ್ಮ ಸುದ್ದಿ ಕೇಳಿ ಒಳಗೆ ಹೋಗಿ ಅತ್ತಳು. ಅತ್ತೆ, "ಸಿವ ಕೊಟ್ಟಷ್ಟು" ಎಂದರು. ಶ್ವೇತ ಕೊಟ್ಟಿಗೆಯಿಂದ ಹಾಲಿನ ತಂಬಿಗೆ ಹಿಡಿದು ಬಂದವಳು ಬಿಂದುವಿನ ಕೈಯಿಂದ ಸೀಟಿನ ಕಾಗದ ತೆಗೆದುಕೊಂಡು ಓದಿದಳು. ಎರಡು ಸಲ ಓದಿದಳು. ನನ್ನನ್ನು ಹಿತ್ತಿಲಿಗೆ ಕರೆದಳು.

"ಬಿಂದೂಗೆ ಡೆಂಟಲ್ ತಗೊಂಡ್ಯಾ ಅಮ್ಮ?"

"ಅದೊಂದೇ ಇತ್ತು."

"ನನಗೆ ಇದ್ದಾಗ ಬೇಡ ಅಂದೆ."

"ನಿನಗೆ ಮೆಡಿಕಲ್ ಬರುತ್ತೆ. ಮುಂದಿನ ವರ್ಷ. ಬಟ್ಟೆ ತುಂಬ್ಕೋ, ಸೋಮವಾರ ಹೊರಡ್ತೀವಿ. ಕೋಚಿಂಗ್‌ಗೆ ನಿಮ್ಮ ಚಿಕ್ಕಪ್ಪ ಕಟ್ತಾರೆ."

"ನಾನು ಬರಲ್ಲ. ಇವತ್ತು ನರಸೀಪುರದ ಕಾಲೇಜಿಗೆ ಸೇರ್ಕೊಂಡೆ. ಬಿ.ಎ.ಗೆ. ಚಿಕ್ಕಮ್ಮ ಬಂದಿದ್ರು."

"ಯಾರನ್ನ ಕೇಳಿ ಸೇರ್ಕೊಂಡೆ?"

"ನಿನ್ನ ಕೇಳಿದ್ರೆ ಇನ್ನೊಂದು ಊರು ಹೇಳ್ತಿದ್ದೆ."

ಹೊಡೆದೆ. ಹಾಲಿನ ತಂಬಿಗೆ ಬಿತ್ತು. ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಒಡಿ, ಇನ್ನೊಂದು ಒಡಿ," ಎಂದರು. "ಕಯ್ಯೂ ನಿಂದೇ, ಕೆನ್ನೇನೂ ನಿಂದೇ. ಹಾಲು ಮಾತ್ರ ನಮ್ದು."

ಶ್ವೇತ ಅಳಲಿಲ್ಲ. ತಂಬಿಗೆ ಎತ್ತಿಕೊಂಡು ತೊಳೆಯಲು ಹೋದಳು. ಶುಲ್ಕ ಕಟ್ಟಿ ಆಗಿತ್ತು. ಭಾನುವಾರ ಇಡೀ ದಿನ ನಾನು ಅವಳಿಗೆ ಹೇಳಿದೆ, ಬೈದೆ, ಕೈ ಮುಗಿದೆ. "ನನಗೆ ಸಾಕಮ್ಮ, ನೀನು ಹೋಗು" ಎಂದು ಒಂದೇ ಮಾತು ಹೇಳಿ ಅಜ್ಜಿಯ ಕಾಲ ಬುಡದಲ್ಲಿ ಕುಳಿತಳು. ಸೋಮವಾರ ಬೆಳಗಿನ ಬಸ್ಸಿಗೆ ನಾನು ಮತ್ತು ಬಿಂದು ಹತ್ತಿದೆವು. ಶಿವಮಲ್ಲಪ್ಪ ಅಕ್ಕಿ ಮೂಟೆಯನ್ನು ಬಸ್ಸಿನ ಮೇಲೆ ಹಾಕಿಸಿದ.

ಕಾಲೇಜು ಶುರುವಾದ ಮೇಲೆ ಬಿಂದು ಪ್ರತಿದಿನ ಮೇಣದ ತುಂಡು ತರುತ್ತಿದ್ದಳು. ಅದನ್ನು ಸಣ್ಣ ಚಾಕುವಿನಿಂದ ಕೆತ್ತಿ ಹಲ್ಲಿನ ಆಕಾರ ಮಾಡಬೇಕು. ಮೊದಲ ವರ್ಷದವರಿಗೆ ಅದೇ ಕೆಲಸ. ಕಿಟಕಿಯ ಕಟ್ಟೆಯ ಮೇಲೆ ಹಲ್ಲುಗಳು ಸಾಲಾಗಿ ನಿಂತವು. ರೂಮಿನಲ್ಲಿ ನಾವಿಬ್ಬರೇ. ಅವಳು ಮಾತು ಕಡಿಮೆ ಮಾಡಿದ್ದಳು. ಬಡಿಸಿದ್ದನ್ನು ಉಣ್ಣುತ್ತಿದ್ದಳು.

ಸೆಪ್ಟೆಂಬರ್‌ನ ಒಂದು ಶನಿವಾರ, ಮಧ್ಯಾಹ್ನ. ನಾನು ಅವಳಿಗೆ ಅನ್ನ, ಬಸ್ಸಾರು ಹಾಕಿ ತಟ್ಟೆ ಮುಂದಿಟ್ಟೆ. ಅವಳು ಕೆತ್ತುವುದನ್ನು ನಿಲ್ಲಿಸಲಿಲ್ಲ.

"ದೊಡ್ಡಮ್ಮ, ಬಳ್ಳಾರೀಲಿ ಎರಡು ಸೀಟಿತ್ತು ಅಲ್ವಾ?"

"ಆರಿಹೋಗುತ್ತೆ, ಊಟ ಮಾಡು."

"ಶ್ವೇತ ಜೊತೇಲಿರ್ಲಿ ಅಂತ ತಾನೆ ನೀವು ಹಾಗೆ ಮಾಡಿದ್ದು?"

"ಅದು ಬಿಸಿಲೂರು ಕಣೇ. ನಿಂಗೆ ಆಗ್ತಿರ್ಲಿಲ್ಲ."

ಬಿಂದು ಮೇಣದ ಹಲ್ಲನ್ನು ಬೆಳಕಿಗೆ ಹಿಡಿದು ನೋಡಿದಳು. ಒಂದು ಮೂಲೆ ಮುರಿದಿತ್ತು. ಅದನ್ನು ಬುಟ್ಟಿಗೆ ಹಾಕಿದಳು.

"ಅಪ್ಪಾಜಿಗೆ ನಾನಿನ್ನೂ ಹೇಳಿಲ್ಲ," ಎಂದಳು. "ಹೇಳಿದ್ರೆ ನಿಮ್ಮನ್ನ ಮನೆಯಿಂದ ಆಚೆ ಹಾಕ್ತಾರೆ. ಶ್ವೇತಾನೂ ಹಾಕ್ತಾರೆ. ಅವಳು ಎಲ್ಲಿಗೆ ಹೋಗ್ತಾಳೆ?"

ನಾನು ಸೌಟು ಹಿಡಿದು ನಿಂತಿದ್ದೆ.

"ಶನಿವಾರ ಶನಿವಾರ ಊರಿಗೆ ಹೋಗ್ಬೇಡಿ ಇನ್ಮೇಲೆ. ಭಾನುವಾರ ನನ್ನ ಬಟ್ಟೆ ಇರುತ್ತೆ. ಶ್ವೇತನ್ನ ದೀಪಾವಳಿಗೆ ನೋಡಿದ್ರಾಯ್ತು."

"ಬಿಂದು."

"ಈ ಸಾರು ನಂಗೆ ಬೇಡ. ಎರಡು ವರ್ಷದಿಂದ ಬೇಡ, ಹೇಳಿರ್ಲಿಲ್ಲ ಅಷ್ಟೆ." ತಟ್ಟೆಯನ್ನು ಒಂದು ಬೆರಳಿನಿಂದ ನನ್ನ ಕಡೆಗೆ ತಳ್ಳಿದಳು. "ನಾಳೆ ಬೆಳಿಗ್ಗೆ ದೋಸೆ ಮಾಡಿ."

ಚೀಲದಲ್ಲಿಟ್ಟಿದ್ದ ಬಸ್ಸಿನ ಚಿಲ್ಲರೆಯನ್ನು ತೆಗೆದು ಗೂಡಿನಲ್ಲಿಟ್ಟೆ. ಒಂದು ಪಾವು ಅಕ್ಕಿ, ಅದಕ್ಕೆ ತಕ್ಕ ಉದ್ದು, ಎರಡನ್ನೂ ತೊಳೆದು ನೆನೆಹಾಕಿದೆ.